ಲಾಂಡ್ರಿ ಗುರುತಿನ ಇಲಿಗಳು

ಗೊತ್ತಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಅವನ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಉಳಿದಿದೆ. ಯಾರು ಏನು ಹೇಳಲು ಬಾಯಿ ತೆರೆದರೂ ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ "ಗೊತ್ತು, ಗೊತ್ತು" ಎಂದುಬಿಡುವುದು ಅವನ ಅಭ್ಯಾಸ. ಅವನಿಗೆ ಎಲ್ಲವೂ ಗೊತ್ತಿತ್ತು ಎಂದು ಇದರ ಅರ್ಥವಲ್ಲ. 'ಗೊತ್ತಿಲ್ಲ' ಎಂಬ ಪದವೊಂದು ಭಾಷೆಯಲ್ಲಿದೆ ಎಂಬುದಷ್ಟೇ ಅವನಿಗೆ ಗೊತ್ತಿರಲಿಲ್ಲ. ಒಮ್ಮೆ ಡಾಕ್ಟರು "ನಿಮಗೆ ಆಗಿರೋದು ಏನಪ್ಪಾ ಅಂದ್ರೆ" ಎಂದು ಶುರುಮಾಡಿದಾಗ "ಗೊತ್ತು" ಎಂದು ಎದ್ದು ಬಂದು, ಏನಾಗಿದೆಯೆಂದು ತಿಳಿಯದೆ, ಯಾವುದಕ್ಕೂ ಇರಲಿ ಎಂದು ನಾಲ್ಕಾರು ಕಾಯಿಲೆಗಳ ಪಥ್ಯವನ್ನು ಒಟ್ಟಿಗೆ ಮಾಡಿದ್ದ. ಕಾಯಿಲೆ ಯಾವುದೆಂದು ಕಡೆಗೂ ತಿಳಿಯಲಿಲ್ಲ. ಅದಕ್ಕೂ ಗೊಂದಲವಾಗಿ ಹೊರಟುಹೋಗಿರಬೇಕು.

ಅವನು ಕೆಲಸ ಮಾಡುತ್ತಿದ್ದದ್ದು ಅತ್ತೆಯ ಲಾಂಡ್ರಿಯಲ್ಲಿ. ಒಂದು ಗಲ್ಲಿಯ ಕೊನೆಯ ಮನೆ. ಮುಂದೆ ಅಂಗಡಿ, ಹಿಂದೆ ಒಗೆಯುವ ತೊಟ್ಟಿ, ಮೇಲೆ ಸಂಸಾರ. ಹೆಂಡತಿ ಕೌಂಟರು ಮತ್ತು ಇಸ್ತ್ರಿ ನೋಡಿಕೊಳ್ಳುತ್ತಿದ್ದಳು. ಅತ್ತೆ ಎಲ್ಲರನ್ನೂ ನೋಡಿಕೊಳ್ಳುತ್ತಿದ್ದರು. ಗೊತ್ತಪ್ಪನದು ಒಣಹಾಕುವ ಕೆಲಸ. ಅದನ್ನವನು 'ಒಣಗಿಸುವ ವಿಭಾಗ' ಎಂದೂ ತನ್ನನ್ನು ಅದರ ಮುಖ್ಯಸ್ಥ ಎಂದೂ ಕರೆದುಕೊಳ್ಳುತ್ತಿದ್ದ. ಆ ವಿಭಾಗದಲ್ಲಿ ಅವನನ್ನು ಬಿಟ್ಟರೆ ಇದ್ದವು ಕ್ಲಿಪ್ಪುಗಳು ಮಾತ್ರ.

ಈ ಲಾಂಡ್ರಿಯ ಹೆಮ್ಮೆ ಅಂದರೆ ಅತ್ತೆಯ ಮಸಿ. ಬಟ್ಟೆಗಳು ಬೆರೆತುಹೋಗಬಾರದೆಂದು ಲಾಂಡ್ರಿಯವರು ಕಾಲರಿನ ಒಳಗಡೆ ಗುರುತು ಹಾಕುತ್ತಾರಲ್ಲ, ಅದಕ್ಕೆ ಬೇರೆಯವರು ಕರಿ ಮಸಿ ಬಳಸಿ ಬಿಳಿ ಅಂಗಿಗೆ ಕಾಗೆ ಕೂತ ಹಾಗೆ ಮಾಡಿಡುವಾಗ, ಅತ್ತೆ ಏನೇನೋ ತೊಗಟೆ ಬೇಯಿಸಿ ಬಂಗಾರದಂಥ ಹಳದಿ ಮಸಿ ತಯಾರಿಸಿದ್ದರು. ಬಟ್ಟೆ ಹರಿದು ನೆಲ ಒರೆಸುವ ಚಿಂದಿಯಾದರೂ ಗುರುತು ಮಾತ್ರ ಹೊಸದಾಗಿ ಹಾಕಿದಂತೆಯೇ ಇರುತ್ತಿತ್ತು. ಅವರ ಗುರುತು ಒಂದು ಅಡ್ಡಗೆರೆ, ಗೆರೆಯ ಎರಡೂ ತುದಿಗೆ ಚಿಕ್ಕ ಕೊಕ್ಕೆ.

ಕೊಕ್ಕೆ ಏಕೆಂದರೆ, ಕೊಕ್ಕೆಯಿಲ್ಲದ ಬರೀ ಗೆರೆ ಎದುರು ಲಾಂಡ್ರಿಯವನದು. ಅವನು ಮೊದಲು ಅತ್ತೆಯ ಕೈಕೆಳಗೇ ಇದ್ದವನು. ಒಂದು ದಿನ ಮಸಿಯ ಗುಟ್ಟನ್ನು ತಲೆಯಲ್ಲಿಟ್ಟುಕೊಂಡು ಹೋಗಿ, ರಸ್ತೆಯ ಆಚೆ ಬದಿಗೆ ದೊಡ್ಡ ದೊಡ್ಡ ಯಂತ್ರಗಳ ಲಾಂಡ್ರಿ ತೆರೆದ. ಗಲ್ಲಿಯವರು ಅವನಿಗೆ ಮೆಷಿನಪ್ಪ ಎಂದು ಹೆಸರಿಟ್ಟರು. ಅವನ ಅಂಗಡಿಯಲ್ಲಿ ಬಟ್ಟೆಯನ್ನು ಯಂತ್ರವೇ ಒಗೆದು, ಯಂತ್ರವೇ ಒಣಗಿಸಿ, ಯಂತ್ರವೇ ಗುಂಡಿ ಕಿತ್ತು ಕೊಡುತ್ತಿತ್ತು. ಆದರೂ ಎರಡು ಲಾಂಡ್ರಿಗಳ ನಡುವೆ ಒಂದು ಕಟ್ಟುನಿಟ್ಟಾದ ಮರ್ಯಾದೆ ಉಳಿದಿತ್ತು: ಅವರ ಗುರುತಿನ ಬಟ್ಟೆ ಇವರಿಗೆ ಬಂದರೆ ಇವರು, ಇವರದು ಅವರಿಗೆ ಹೋದರೆ ಅವರು, ಮಾತಿಲ್ಲದೆ ತಂದು ಕೊಟ್ಟು ಹೋಗಬೇಕು. ಒಬ್ಬರ ಗುರುತಿನ ಮೇಲೆ ಇನ್ನೊಬ್ಬರು ಗುರುತು ಹಾಕುವುದು ಕಸುಬಿನಲ್ಲಿ ಮಹಾಪಾಪ.

ಲಾಂಡ್ರಿಯ ಹಿಂದೆ ನಗರಸಭೆಯ ಒಂದು ಖಾಲಿ ಜಾಗವಿತ್ತು. ಸುತ್ತ ಮುಳ್ಳುಪೊದೆ, ನಡುವೆ ಗೊತ್ತಪ್ಪನ ಹಗ್ಗಗಳು. ನಗರಸಭೆ ಈಗ ಪೊದೆ ಕಡಿದು ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡುತ್ತದಂತೆ ಎಂದು ಸುದ್ದಿಯಾಯಿತು. ಅರ್ಜಿ ಕೊಟ್ಟವನು ಮೆಷಿನಪ್ಪ. ಒಣಹಾಕುವ ಜಾಗ ಹೋದರೆ ಲಾಂಡ್ರಿಗೆ ಬೀಗ ಬಿದ್ದಂತೆಯೇ. ಅತ್ತೆಗೆ ಅನ್ನ ಸೇರಲಿಲ್ಲ. ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಒಣಗಿಸಲೇ ಎಂದು ಹೆಂಡತಿ ಕೇಳಿದಳು. ಗೊತ್ತಪ್ಪ ಆಗ ಮಾತ್ರ "ಗೊತ್ತು" ಅನ್ನಲಿಲ್ಲ.

ಉಳಿದದ್ದು ಒಂದೇ ಆಸೆ. ಪೊದೆಗೆ ಕತ್ತಿ ಹಾಕುವ ಮುಂಚೆ ಅಲ್ಲಿ ಯಾವ ಯಾವ ಜೀವಿಗಳಿವೆ ಎಂದು ಪರೀಕ್ಷೆಯಾಗಬೇಕೆಂಬ ನಿಯಮವಿತ್ತಂತೆ. ಅದಕ್ಕಾಗಿ ಒಬ್ಬ ವಿದ್ವಾಂಸೆ ಬಂದಳು. ಮೊಣಕಾಲವರೆಗೆ ಬೂಟು, ಬೆನ್ನಿಗೆ ಚೀಲ, ಚೀಲದ ತುಂಬ ತಗಡಿನ ಡಬ್ಬಗಳು. ಇಲಿ ಒಳಗೆ ಹೋದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಒಳಗೆ ಅದಕ್ಕೆ ಹುಲ್ಲಿನ ಹಾಸಿಗೆ, ಕಾಳಿನ ಊಟ. ಪಕ್ಕದ ಕ್ಷೌರದಂಗಡಿಯವನು ಡಬ್ಬದೊಳಗೆ ಇಣುಕಿ ನೋಡಿ, ಇಂಥ ವ್ಯವಸ್ಥೆ ತನ್ನ ಮಾವನ ಮನೆಯಲ್ಲೂ ತನಗೆ ಸಿಕ್ಕಿಲ್ಲವೆಂದು ನಿಟ್ಟುಸಿರುಬಿಟ್ಟ. ಗಲ್ಲಿಯವರು ಆಕೆಗೆ ಅಂದೇ ಇಲಿ ಮೇಡಂ ಎಂದು ನಾಮಕರಣ ಮಾಡಿದರು.

ಆಕೆ ನೋಡಬೇಕಾದ ಪೊದೆಗಳು ಊರ ತುಂಬ ಇದ್ದವು. ಆದ್ದರಿಂದ ದಿನವೂ ಬೆಳಿಗ್ಗೆ ಡಬ್ಬ ತೆರೆದು ನೋಡಲು ಸ್ಥಳದವರೊಬ್ಬರು ಬೇಕಾಗಿತ್ತು. ಗೊತ್ತಪ್ಪ ತಾನಾಗಿ ಮುಂದೆ ಬಂದ. ಆಕೆ ಅವನನ್ನು ಪೊದೆಯ ಹತ್ತಿರ ಕರೆದುಕೊಂಡು ಹೋಗಿ, ಪಾಪ, ಎಲ್ಲವನ್ನೂ ವಿವರವಾಗಿ ಹೇಳಿದಳು.

"ನೋಡಿ, ಇಲ್ಲಿ ಎರಡು ಜಾತಿ ಇಲಿ ಇರಬಹುದು. ಎರಡೂ ಒಂದೇ ಪೊದೇಲಿ ಇರ್ತವೆ, ಒಂದೇ ಕಾಳು ತಿಂತವೆ, ನೋಡೋಕೆ ಅಣ್ಣ ತಮ್ಮ ಇದ್ದ ಹಾಗೆ. ಒಂದರ ಎದೆ ಮೇಲೆ ಬರೀ ಹಳದಿ ಚುಕ್ಕೆ. ಅದು ಎಲ್ಲಾ ಕಡೆ ಸಿಗುತ್ತೆ."

"ಗೊತ್ತು."

"ಇನ್ನೊಂದಕ್ಕೆ ಈ ಭುಜದಿಂದ ಆ ಭುಜಕ್ಕೆ, ಕೊರಳಿಗೆ ಅಡ್ಡಲಾಗಿ ಪೂರ್ತಿ ಹಳದಿ ಪಟ್ಟಿ. ಅದು ಬಹಳ ಅಪರೂಪ. ಅಂಥದು ಒಂದು ಸಿಕ್ಕಿದರೂ ಈ ಜಾಗಕ್ಕೆ ಯಾರೂ ಕೈ ಹಚ್ಚೋ ಹಾಗಿಲ್ಲ. ಸಿಕ್ಕಿದ್ರೆ ಬಿಡಬೇಡಿ, ನನ್ನನ್ನ ಕರೀರಿ."

"ಗೊತ್ತು, ಗೊತ್ತು."

"ಚುಕ್ಕೆಯದಾದ್ರೆ ಸೊಂಟದ ಹತ್ರ ಈ ಕತ್ತರಿಯಿಂದ ಚೂರು ಕೂದಲು ಕತ್ತರಿಸಿ, ಗುರುತು ಮಾಡಿ ಬಿಟ್ಟುಬಿಡಿ. ಒಂದನ್ನೇ ಎರಡು ಸಲ ಎಣಿಸಬಾರದಲ್ಲ."

"ಅಯ್ಯೋ, ಗೊತ್ತು ಬಿಡಿ ಮೇಡಂ."

ಅವನ ತಪ್ಪೆಂದು ಪೂರ್ತಿ ಹೇಳಲಾಗದು. ಆ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಅತ್ತೆ ಒಬ್ಬ ಗಿರಾಕಿಯ ಕೋಟನ್ನು ತಲೆಕೆಳಗಾಗಿ ಹಗ್ಗಕ್ಕೆ ಹಾಕುತ್ತಿದ್ದರು. ವಿಭಾಗದ ಮುಖ್ಯಸ್ಥನ ಕಣ್ಣೆದುರಿಗೇ ವಿಭಾಗದಲ್ಲಿ ಹೊರಗಿನವರ ಕೈವಾಡ. ಅವನ ಎರಡು ಕಣ್ಣೂ ಒಂದೂವರೆ ಕಿವಿಯೂ ಆ ಕೋಟಿನ ಮೇಲಿದ್ದವು. ಉಳಿದ ಅರ್ಧ ಕಿವಿಗೆ ಬಿದ್ದದ್ದು ಇಷ್ಟು: ಎರಡು ಜಾತಿ ಇವೆ, ಗುರುತು ಮಾಡಬೇಕು, ಬಿಡಬೇಕು. ಕತ್ತರಿಯನ್ನು ಅವನು ಮೇಡಂ ಸೌಜನ್ಯಕ್ಕೆ ಕೊಟ್ಟ ಕಾಣಿಕೆಯೆಂದು ತಿಳಿದು ಹೆಂಡತಿಗೆ ಕೊಟ್ಟ. ಮದುವೆಯಾದ ಮೇಲೆ ಗಂಡ ತಾನಾಗಿ ತಂದುಕೊಟ್ಟ ಮೊದಲ ವಸ್ತುವೆಂದು ಅವಳು ಅದನ್ನು ಬೀರುವಿನಲ್ಲಿಟ್ಟಳು.

ಹೋಗುವಾಗ ಇಲಿ ಮೇಡಂ ಕೌಂಟರಿನ ಹತ್ತಿರ ನಿಂತು, ಅಪರೂಪದ ಇಲಿ ಸಿಕ್ಕರೆ ನಿಮ್ಮ ಜಾಗ ಉಳಿದಂತೆ, ನಿಮ್ಮವರಿಗೆ ಎಲ್ಲ ಹೇಳಿದ್ದೇನೆ ಎಂದು ಹೆಂಡತಿಗೆ ಧೈರ್ಯ ಹೇಳಿದಳು. ಹೆಂಡತಿಗೆ ನಿಜವಾಗಿ ಧೈರ್ಯ ಹೋದದ್ದು ಈ ಕೊನೆಯ ಮಾತಿನಿಂದ.

ಊಟಕ್ಕೆ ಕೂತಾಗ ಅವಳು ಮೆಲ್ಲಗೆ ವಿಷಯ ತೆಗೆದಳು.

"ರೀ, ಆ ಎರಡು ಜಾತಿಗೆ ಏನು ವ್ಯತ್ಯಾಸ?"

"ಒಂದು ಇನ್ನೊಂದರ ಥರ ಇರಲ್ಲ."

"ಅದು ಸರಿ. ಹೇಗಿರುತ್ತೆ?"

"ಅದೆಲ್ಲ ಬಾಯಲ್ಲಿ ಹೇಳೋಕಾಗಲ್ಲ ಕಣೇ. ಕಣ್ಣು ಪಳಗಬೇಕು."

"ಅಳಿಯಂದಿರ ಕಣ್ಣು ಪಳಗಿದೆಯೋ?" ಎಂದು ಅತ್ತೆ ಕೇಳಿದರು. ಅತ್ತೆ 'ಅಳಿಯಂದಿರು' ಎಂದು ಬಹುವಚನ ಹಚ್ಚಿದರೆ ಹವಾಮಾನ ಕೆಟ್ಟಿದೆಯೆಂದು ಅರ್ಥ. ಗೊತ್ತಪ್ಪ ತಟ್ಟೆ ತೊಳೆಯುವ ನೆಪದಲ್ಲಿ ಎದ್ದುಹೋದ.

ಕ್ಷೌರದಂಗಡಿಯವನ ಹತ್ತಿರ ಮಾತ್ರ ಹೀಗೆ ಜಾರಿಕೊಳ್ಳಲಾಗುವುದಿಲ್ಲ; ಅಲ್ಲಿ ಕೊರಳಿಗೆ ಬಟ್ಟೆ ಕಟ್ಟಿ, ಕತ್ತಿ ಇಟ್ಟು ಪ್ರಶ್ನೆ ಕೇಳುತ್ತಾರೆ. ಮುಖದ ತುಂಬ ನೊರೆ ಇಟ್ಟುಕೊಂಡು ಗೊತ್ತಪ್ಪ ಸ್ವಲ್ಪ ಯೋಚಿಸಿ, ಇಲಿಗಳಲ್ಲಿ ಒಂದು ಗಂಭೀರ ಜಾತಿ, ಇನ್ನೊಂದು ಚೇಷ್ಟೆ ಜಾತಿ, ಮುಖ ನೋಡಿದರೆ ತಿಳಿಯುತ್ತದೆ ಎಂದುಬಿಟ್ಟ. ಮುಖ ನೋಡುವುದೇ ಕಸುಬಾಗಿದ್ದ ಕ್ಷೌರದಂಗಡಿಯವನಿಗೆ ಇದು ಬಹಳ ಹಿಡಿಸಿತು. ಸಂಜೆಯೊಳಗೆ ಗಲ್ಲಿಗೆಲ್ಲ ಹೇಳಿದ. ಮರುದಿನದಿಂದ ಜನ ತಮ್ಮ ತಮ್ಮ ಮನೆಯ ಇಲಿಗಳನ್ನು ತೋರಿಸಲು ಬಂದರು. ಡಬ್ಬದಲ್ಲಿ ತಂದರು, ಬೋನಿನಲ್ಲಿ ತಂದರು. ಮಹಡಿ ಮನೆಯಾಕೆ ಕಸದ ಮೊರದಲ್ಲಿ ಸತ್ತ ಇಲಿಯೊಂದನ್ನೇ ತಂದು ಇದು ಯಾವುದೆಂದು ಕೇಳಿದಳು. ಗೊತ್ತಪ್ಪ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿ, ಇದು ಗಂಭೀರ ಜಾತಿ ಎಂದ. ಆ ಒಂದು ತೀರ್ಪಿನಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ.

ಒಳಗೊಳಗೆ ಮಾತ್ರ ಅವನಿಗೆ ಅಳುಕಿತ್ತು. ಆದರೆ ಜಾತಿ ವಿಂಗಡಿಸುವುದು ಮೇಡಮ್ಮಿನ ಕೆಲಸ, ತನ್ನದು ಗುರುತು ಹಾಕುವುದಷ್ಟೇ ಎಂದು ಸಮಾಧಾನ ಮಾಡಿಕೊಂಡ. ಗುರುತು ಹಾಕುವುದೆಂದರೆ ಲಾಂಡ್ರಿಯವನಿಗೆ ಪಾಠ ಬೇಕೇ. ಹಾಕುವ ಜಾಗ ಯಾವುದೆಂದು ಲೋಕಕ್ಕೇ ಗೊತ್ತು.

ಬೆಳಿಗ್ಗೆ ಎದ್ದು ಅವನು ಮಸಿಯ ಬಟ್ಟಲು, ಗುರುತಿನ ಕಡ್ಡಿ, ಕೈಗೆ ಹಳೇ ಕಾಲುಚೀಲ ಎಲ್ಲ ಸಿದ್ಧಮಾಡಿಕೊಂಡು ಡಬ್ಬ ತೆರೆದ. ಮೊದಲನೇ ಇಲಿ ಹೊರಗೆ ಬಂತು. ಜೋಳದ ಬಣ್ಣದ ಮೈ, ಮಣಿಯಂಥ ಕಣ್ಣು, ಎದೆಯ ಮೇಲೆ ಸಣ್ಣದೊಂದು ಹಳದಿ ಚುಕ್ಕೆ. ಚುಕ್ಕೆಯನ್ನು ಅವನು ಹುಟ್ಟು ಮಚ್ಚೆಯೆಂದು ಬಗೆದ. ಇಲಿಯ ಕುತ್ತಿಗೆಯ ಹಿಂದೆ ಹಿಡಿದು, ಅಂಗಿಯ ಕಾಲರು ತಿರುಗಿಸುವ ಹಾಗೆ ನಯವಾಗಿ ತಿರುಗಿಸಿ, ಗಂಟಲಿನ ಕೆಳಗೆ ಈ ಕಡೆಯಿಂದ ಆ ಕಡೆಗೆ ಒಂದು ಗೆರೆ ಎಳೆದು, ಎರಡೂ ತುದಿಗೆ ಕೊಕ್ಕೆ ಹಾಕಿದ. ಅತ್ತೆ ಬಂದು ನೋಡಿ, ಮಸಿ ಸ್ವಲ್ಪ ತೆಳುವಾಯಿತೆಂದೂ, ಗಿರಾಕಿ ಚಿಕ್ಕದೆಂದು ಕೆಲಸದಲ್ಲಿ ಕೈ ಬಿಗಿಹಿಡಿಯಬಾರದೆಂದೂ ಹೇಳಿ, ಇನ್ನೊಂದು ಸಲ ಗೆರೆ ಎಳೆಸಿದರು. ಒಣಗಲಿ ಎಂದು ಗೊತ್ತಪ್ಪ ಬಾಯಿಂದ ಗಾಳಿ ಊದಿದ. ಇಲಿ ಅವನನ್ನು ಕಚ್ಚಲೂ ಮರೆತು ಬೆರಗಾಗಿ ನೋಡುತ್ತಿತ್ತು.

ಅಂದಿನಿಂದ ವಾರ ಪೂರ್ತಿ ಈ ಕೆಲಸ ಸಾಂಗವಾಗಿ ನಡೆಯಿತು. ಗುರುತು ಹಾಕಿದ ಇಲಿಯೇ ಕಾಳಿನ ಆಸೆಗೆ ಮತ್ತೆ ಡಬ್ಬದಲ್ಲಿ ಕೂತಿದ್ದರೆ, ಹಳೇ ಗಿರಾಕಿ ಎಂದು ಮುಗುಳ್ನಕ್ಕು ಬಿಡುತ್ತಿದ್ದ. ಪೊದೆಯಲ್ಲಿ ಈಗ ಎಲ್ಲಿ ನೋಡಿದರೂ ಹೊಸದಾಗಿ ಪದವಿ ಪಡೆದವರಂತೆ ಕೊರಳಪಟ್ಟಿ ಧರಿಸಿದ ಇಲಿಗಳು ಓಡಾಡುತ್ತಿದ್ದವು.

ಪರೀಕ್ಷೆಯ ಕೊನೆಯ ದಿನ ಇಲಿ ಮೇಡಮ್ಮಿನ ಜೊತೆ ನಗರಸಭೆಯ ಸಾಹೇಬರು ಬಂದರು. ಅವರು ಕಡತದ ಭಾಷೆಯಲ್ಲಲ್ಲದೆ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಉಪ್ಪು ಬೇಕಾದರೂ 'ಸದರಿ ಸಾರಿಗೆ ಉಪ್ಪಿನ ಕೊರತೆ ಕಂಡುಬಂದಿರುತ್ತದೆ' ಎನ್ನುತ್ತಿದ್ದರಂತೆ. ಗಲ್ಲಿಯವರೆಲ್ಲ ಬೇಲಿಯ ಪಕ್ಕ ನಿಂತರು. ಅತ್ತೆ ಒಗೆದ ಸೀರೆ ಉಟ್ಟು ಬಂದರು. ಲಾಂಡ್ರಿಯಲ್ಲಿ ಇದು ಎಲ್ಲಕ್ಕಿಂತ ಅಪರೂಪದ ಘಟನೆ.

ಸಾಹೇಬರು ಮೊದಲನೇ ಡಬ್ಬದೊಳಗೆ ಇಣುಕಿದರು. ಹಳದಿ ಪಟ್ಟಿ. ಎರಡನೆಯದರಲ್ಲಿ ಇಣುಕಿದರು. ಹಳದಿ ಪಟ್ಟಿ. ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡಿ, ಸೊಂಟ ನೆಟ್ಟಗೆ ಮಾಡಿಕೊಂಡು, ಕೈ ಮೇಲಕ್ಕೆತ್ತಿದರು.

"ಸದರಿ ಪೊದೆಯಲ್ಲಿ ಮೇಲ್ಕಂಡ ಅಪರೂಪದ ಇಲಿಗಳು ಹೇರಳವಾಗಿ ಕಂಡುಬಂದಿರುವುದರಿಂದ, ಸದರಿ ಜಾಗವನ್ನು ಯಥಾಸ್ಥಿತಿಯಲ್ಲಿ..."

ವಾಕ್ಯ ಮುಗಿಯುವ ಮುಂಚೆಯೇ ಕ್ಷೌರದಂಗಡಿಯವನು ಚಪ್ಪಾಳೆ ತಟ್ಟಿದ. ಅತ್ತೆ ಅಳಿಯನ ಕಡೆ ಮದುವೆಯ ದಿನವೂ ನೋಡದ ಪ್ರೀತಿಯಿಂದ ನೋಡಿದರು. ತಾನು ಏನು ಸಾಧಿಸಿದೆ ಎಂದು ಗೊತ್ತಪ್ಪನಿಗೆ ತಿಳಿಯಲಿಲ್ಲ. ಆದರೂ ಅದು ತನಗೆ ಮೊದಲೇ ಗೊತ್ತಿತ್ತೆಂಬ ಮುಖಭಾವ ತಂದುಕೊಂಡ.

ಇಲಿ ಮೇಡಂ ಮಾತ್ರ ನಗಲಿಲ್ಲ. ಒಂದು ಇಲಿಯನ್ನು ಕೈಗೆ ತೆಗೆದುಕೊಂಡು ಮಲಗಿಸಿ, ಗಂಟಲಿನ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಮೂಸಿದಳು. ಮತ್ತೊಂದನ್ನು ನೋಡಿದಳು.

"ಇದಕ್ಕೆ ಕೊಕ್ಕೆ ಇದೆಯಲ್ಲ. ಇಲಿಗೆ ಕೊಕ್ಕೆ ಎಲ್ಲಿಂದ ಬಂತು?"

"ಅದು ನಮ್ಮ ಗುರುತು ಕಣಮ್ಮ," ಎಂದರು ಅತ್ತೆ, ಎದೆಯುಬ್ಬಿಸಿ. "ಬೇಕಾದ್ರೆ ಸೋಪು ಹಾಕಿ ತಿಕ್ಕಿ ನೋಡು. ಇಲಿ ಹೋದೀತು, ಗುರುತು ಹೋಗಲ್ಲ."

ಆಮೇಲೆ ಆದದ್ದು ಬರೆಯಲು ಬೇಸರ. ಸಾಹೇಬರು ಮೇಲೆತ್ತಿದ ಕೈಯನ್ನು ಕೆಳಗಿಳಿಸಿ, ಇದು ನಕಲಿ ಇಲಿಗಳನ್ನು ಸೃಷ್ಟಿಸಿ ನಗರಸಭೆಯನ್ನು ವಂಚಿಸುವ ಸಂಚೆಂದೂ, ನಾಳೆಯೇ ಪೊದೆ ಕಡಿಸುವುದಾಗಿಯೂ ಹೇಳಿದರು. ಇಲಿ ಮೇಡಂ ಗೊತ್ತಪ್ಪನ ಎದುರು ನಿಂತು, ಸೊಂಟದ ಹತ್ತಿರ ಒಂದಿಷ್ಟು ಕೂದಲು ಕತ್ತರಿಸಿ ಎಂದು ತಾನು ಕತ್ತರಿಯನ್ನೇ ಕೊಟ್ಟು ಹೇಳಿರಲಿಲ್ಲವೇ ಎಂದು ಕೇಳಿದಳು. ಆಗ ಕ್ಷೌರದಂಗಡಿಯವನ ಮುಖ ಸಣ್ಣದಾಯಿತು.

"ಕೂದಲು ಕತ್ತರಿಸೋ ಕೆಲಸ ಅಂದಿದ್ರೆ ಮೇಡಂ, ನಾನು ಪಕ್ಕದಲ್ಲೇ ಇದ್ದೆನಲ್ಲ," ಎಂದ, ಬಹಳ ನೊಂದುಕೊಂಡು.

ಹೆಂಡತಿ ಮೇಲೆ ಹೋಗಿ ಬೀರುವಿನಿಂದ ಕತ್ತರಿ ತಂದು ಮೇಡಮ್ಮಿನ ಕೈಗಿಟ್ಟಳು. ಗೊತ್ತಪ್ಪನಿಗೆ ಸಾಹೇಬರ ಬೈಗುಳಕ್ಕಿಂತ ಇದು ಹೆಚ್ಚು ತಾಗಿತು.

"ನಾನು ಹೇಳಿದ್ದು ಒಂದೇ ಮಾತು," ಎಂದಳು ಇಲಿ ಮೇಡಂ. ಆಕೆಗೆ ಸಿಟ್ಟಿಗಿಂತ ದುಃಖ ಜಾಸ್ತಿಯಾಗಿತ್ತು. "ಕೊರಳಿಗೆ ಹಳದಿ ಪಟ್ಟಿ ಇರೋ ಇಲಿ ಸಿಕ್ಕಿದ್ರೆ ನನ್ನನ್ನ ಕರೀರಿ ಅಂತ. ಹಾಗಿರೋದು ಒಂದೂ ಸಿಗಲಿಲ್ವಾ?"

"ಪಟ್ಟಿ ಇರೋದಾ?" ಗೊತ್ತಪ್ಪ ಕಣ್ಣು ಪಿಳುಕಿಸಿದ. "ಮೊದಲೇ ಪಟ್ಟಿ ಇರೋವು ಸಿಕ್ಕಿದ್ವಲ್ಲ. ಕೊಕ್ಕೆ ಇರಲಿಲ್ಲ, ಬರೀ ಗೆರೆ. ಅವಕ್ಕೆ ನಾನು ಮಸಿ ಮುಟ್ಟಿಸಲಿಲ್ಲ."

"ಮತ್ತೆ ಏನು ಮಾಡಿದ್ರಿ?"

"ಎದುರು ಲಾಂಡ್ರಿಗೆ ಕೊಟ್ಟು ಬಂದೆ."

ಅವನಿಗೆ ತಾನು ಮಾಡಿದ್ದರಲ್ಲಿ ತಪ್ಪೇನೂ ಕಾಣದೆ, ಬಿಡಿಸಿ ಹೇಳಿದ. ಬರೀ ಗೆರೆ ಮೆಷಿನಪ್ಪನ ಗುರುತು. ಮೇಡಂ ಈ ಕೆಲಸವನ್ನು ಗುಟ್ಟಾಗಿ ಅವನಿಗೂ ಒಪ್ಪಿಸಿದ್ದಾರೆಂದು ತಾನು ತಿಳಿದೆ. ಮನಸ್ಸಿಗೆ ನೋವಾಯಿತು, ಆದರೂ ಕಸುಬಿನ ಮರ್ಯಾದೆ ಬಿಡಬಾರದಲ್ಲ. ಸಿಕ್ಕಾಗಲೆಲ್ಲ ಸೋಪಿನ ಡಬ್ಬದಲ್ಲಿಟ್ಟುಕೊಂಡು ಹೋಗಿ, 'ನಿಮ್ಮ ಮಾಲು' ಎಂದು ಹೇಳಿ ಅವನ ಹಿತ್ತಲಲ್ಲಿ ಬಿಟ್ಟುಬಂದೆ. ಅವನೇನೋ ಕೂಗಾಡಿದ. ಒಪ್ಪಿಸಿದ್ದಕ್ಕೆ ಉಪಕಾರ ನೆನೆಯದಿದ್ದರೂ ಕೂಗಾಡುವುದೇಕೆಂದು ತನಗೆ ಬೇಸರವಾಯಿತು.

ಇಲಿ ಮೇಡಂ ಅಲ್ಲೇ ಒಂದು ಡಬ್ಬದ ಮೇಲೆ ಕೂತಳು. ಒಳಗಿದ್ದ ಇಲಿ ಚೀ ಎಂದಿತು.

"ಆ ಇಲಿಗಳು ಈ ಪೊದೇದೇ ಅಂತ ಸಾಕ್ಷಿ ಬೇಕಲ್ಲ," ಎಂದಳು ಆಕೆ. ಅಳಿಯ ಹೇಳಿದರೆ ಸಾಲದೇ ಎಂದು ಅತ್ತೆ ಕೇಳಿದ್ದಕ್ಕೆ ಸಾಹೇಬರು, ಸದರಿ ಅಳಿಯನ ಹೇಳಿಕೆಗೆ ಇನ್ನು ಮುಂದೆ ಯಾವ ಬೆಲೆಯೂ ಇರುವುದಿಲ್ಲವೆಂದು ತಿಳಿಸಿದರು. ಈ ಒಂದು ವಿಷಯದಲ್ಲಿ ಅತ್ತೆಗೂ ನಗರಸಭೆಗೂ ಎಷ್ಟೋ ವರ್ಷಗಳಿಂದ ಒಮ್ಮತವಿತ್ತು.

ಮೆಷಿನಪ್ಪ ಬಾಯಿಬಿಟ್ಟು ಹೇಳಿದರೆ ಜಾಗ ಉಳಿಯುತ್ತದೆ. ಜಾಗ ಹೋಗಲಿ ಎಂದು ಅರ್ಜಿ ಕೊಟ್ಟವನೇ ಅವನು. ಅವನು ಯಾಕೆ ಹೇಳುತ್ತಾನೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಒಂದು ಕ್ಷಣ ಎದುರು ಲಾಂಡ್ರಿಯ ಕಡೆ ನೋಡುತ್ತ ನಿಂತರು. ಆಮೇಲೆ ಮಗಳ ಕಿವಿಯಲ್ಲಿ ಏನೋ ಹೇಳಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಸಾಹೇಬರಿಗೆ ಕೈಮುಗಿದರು.

"ಜಾಗ ಹೋದ್ರೆ ಹೋಗ್ಲಿ ಸಾಹೇಬ್ರೇ. ಆದ್ರೆ ಎದುರು ಲಾಂಡ್ರಿಲಿ, ನಾಲ್ಕು ಜನರ ಬಟ್ಟೆ ಒಗೆಯೋ ಕಡೆ ಇಲಿ ಸಾಕಿದ್ದಾರೆ. ಅದನ್ನ ನೀವು ಒಂದು ಸಲ ಬಂದು ನೋಡ್ಬೇಕು."

ಲಾಂಡ್ರಿಗಳ ಪರವಾನಗಿಯೂ ಇದೇ ಸಾಹೇಬರ ಮೇಜಿನ ಮೇಲಿಂದಲೇ ಹೋಗಬೇಕಾಗಿತ್ತು. ಅವರು ನಡೆದರು. ಹಿಂದೆ ಮೇಡಂ, ಮೇಡಮ್ಮಿನ ಹಿಂದೆ ಅತ್ತೆ, ಅವರ ಹಿಂದೆ ಗಲ್ಲಿಗೆ ಗಲ್ಲಿಯೇ. ಕ್ಷೌರದಂಗಡಿಯಲ್ಲಿ ಅರ್ಧ ಮೀಸೆ ತೆಗೆಸಿಕೊಂಡು ಕೂತಿದ್ದ ಗಿರಾಕಿಯೊಬ್ಬ ಕೊರಳಿನ ಬಟ್ಟೆಯ ಸಮೇತ ಎದ್ದು ಬಂದ.

ಮೆಷಿನಪ್ಪ ಬಾಗಿಲಲ್ಲೇ ಸಿಕ್ಕಿದ. ಹಿಂದೆ ಯಂತ್ರಗಳು ಗುಡುಗುಡು ಎನ್ನುತ್ತಿದ್ದವು. ಗೋಡೆಯ ತುಂಬ ಬಿಳಿ ಟೈಲು. 'ನಮ್ಮಲ್ಲಿ ಸ್ವಚ್ಛತೆಯೇ ಸರ್ವಸ್ವ' ಎಂದು ದೊಡ್ಡ ಫಲಕ. ಅತ್ತೆ ಫಲಕವನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿ ಮುಗಿಸಿ, ಇವನ ಹಿತ್ತಲ ತುಂಬ ಇಲಿ ಓಡಾಡುತ್ತವೆಂದು ಸಾಹೇಬರಿಗೆ ದೂರಿದರು. ಸೋಪಿನ ಗೋದಾಮಿನಲ್ಲಿ ಮರಿ ಹಾಕಿವೆಯಂತೆ, ಯಂತ್ರದೊಳಗೆ ಹೊಕ್ಕು ಬಟ್ಟೆಯ ಜೊತೆ ತಾವೂ ಒಗೆಸಿಕೊಂಡು ಬರುತ್ತವಂತೆ, ಅದಕ್ಕೇ ಇಲ್ಲಿಯ ಬಟ್ಟೆಗೆ ಆ ವಾಸನೆ ಎಂದರು.

ಮೆಷಿನಪ್ಪನ ಮುಖ ಕೆಂಪಾಯಿತು. "ಅಕ್ಕಾ, ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ನಮ್ಮಲ್ಲಿ ಇಲಿ ಇಲ್ಲ. ಇರೋ ಇಲಿ ಎಲ್ಲಾ ನಿಮ್ಮ ಅಳಿಯ ತಂದು ಬಿಟ್ಟಿದ್ದು."

"ನಮ್ಮ ಅಳಿಯನಾ? ಅವನಿಗೆ ಹಗ್ಗಕ್ಕೆ ಕ್ಲಿಪ್ಪು ಹಾಕೋದೇ ಸರಿಯಾಗಿ ಬರಲ್ಲ. ಇಲಿ ಹಿಡೀತಾನಾ ಅವನು?"

ಗೊತ್ತಪ್ಪ ಸತ್ಯವಂತ. "ಇಲ್ಲ ಅತ್ತೆ, ನಾನೇ..." ಎಂದು ಬಾಯಿ ತೆರೆದ. ಹೆಂಡತಿ ಅವನ ಕಾಲಿನ ಮೇಲೆ ತನ್ನ ಕಾಲಿಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ವಾಕ್ಯ "ನಾನೇ... ನಾನೇ..." ಎಂದು ನರಳಿ ಅಲ್ಲೇ ನಿಂತಿತು.

"ಹಿಡಿದು ತಂದ ಅಂದ್ರೆ ತಂದ," ಎಂದ ಮೆಷಿನಪ್ಪ. "ನಾನು ನನ್ನ ಕಣ್ಣಾರೆ ನೋಡಿದ್ದೀನಿ. ಬೆಳಿಗ್ಗೆ ನಾನು ಬಾಗಿಲು ತೆಗೆಯೋ ಹೊತ್ತಿಗೆ ಆ ಪೊದೆಯಿಂದ ಸೀದಾ ಬರ್ತಾನೆ. ಸೋಪಿನ ಡಬ್ಬ ತೆಗೀತಾನೆ. ಇಲಿ ಬಿಡ್ತಾನೆ. ಬಿಟ್ಟು ನಿಮ್ಮ ಮಾಲು ಅಂತಾನೆ. ನನ್ನ ಕೆಲಸದವರನ್ನ ಕೇಳಿ."

ಕೆಲಸದವರು ಸಾಲಾಗಿ ನಿಂತು ಹೌದೆಂದರು. ಅತ್ತೆ ನಂಬಲಿಲ್ಲ. ಇದೆಲ್ಲ ಪರವಾನಗಿ ಉಳಿಸಿಕೊಳ್ಳಲು ಕಟ್ಟಿದ ಕತೆ, ಇವು ಈ ಹಿತ್ತಲಲ್ಲೇ ಹುಟ್ಟಿ ಬೆಳೆದ ಇಲಿಗಳು, ಇವುಗಳ ಮುಖದಲ್ಲೇ ಯಂತ್ರದ ಕಳೆ ಇದೆ ಎಂದರು. ಮೆಷಿನಪ್ಪ ಒಳಗೆ ಓಡಿ, ತಾನು ಬೋನಿಟ್ಟು ಹಿಡಿದಿದ್ದ ಒಂದು ಇಲಿಯನ್ನು ಬೋನಿನ ಸಮೇತ ತಂದು ಸಾಹೇಬರ ಮೂಗಿನ ಕೆಳಗೆ ಹಿಡಿದ.

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು ಗಂಟಲು ಸರಿಮಾಡಿಕೊಂಡರು. "ಸದರಿ ಇಲಿಯು ಸದರಿ ಪೊದೆಯಿಂದಲೇ ಬಂದಿರುತ್ತದೆ ಎಂಬುದಕ್ಕೆ ತಾವು ಸಾಕ್ಷಿಯೇ?"

"ಸಾಕ್ಷಿಯಾ? ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ನನ್ನ ಲಾಂಡ್ರಿ ಆಣೆಗೂ ಇದು ಆ ಪೊದೇ ಇಲಿ. ಆ ಪೊದೆ ಬಿಟ್ಟು ಬೇರೆ ಎಲ್ಲೂ ಇಂಥ ದರಿದ್ರದ ಇಲಿ ನಾನು ನೋಡಿಲ್ಲ."

"ಬೇರೆ ಎಲ್ಲೂ ನೋಡಿಲ್ವಾ?" ಎಂದು ಇಲಿ ಮೇಡಂ ತುಂಬ ಮೃದುವಾಗಿ ಕೇಳಿದಳು.

"ಎಲ್ಲೂ ಇಲ್ಲ."

"ಹಾಗಾದ್ರೆ ಒಂದು ನಿಮಿಷ," ಎಂದು ಆಕೆ ಬೋನಿನ ಬಾಗಿಲು ತೆರೆದು ಇಲಿಯನ್ನು ಹಿಡಿದಳು. ಒದ್ದೆ ಬಟ್ಟೆ ಕೇಳಿದಳು. ಲಾಂಡ್ರಿಯಲ್ಲಿ ಅದಕ್ಕೆ ಬರವಿರಲಿಲ್ಲ. ಕೊರಳನ್ನು ಒರೆಸಿದಳು, ಕೂದಲು ಬಿಡಿಸಿ ಬುಡದವರೆಗೆ ನೋಡಿದಳು, ಚಿಕ್ಕ ಅಳತೆಪಟ್ಟಿ ತೆಗೆದು ಹಿಂಗಾಲಿನ ಪಾದವನ್ನು ಅಳೆದಳು. ಪೊದೆಯಿಂದ ತಂದಿದ್ದ ಕೊಕ್ಕೆ ಗುರುತಿನ ಇಲಿಯೊಂದನ್ನು ಇನ್ನೊಂದು ಕೈಯಲ್ಲಿ ಪಕ್ಕಕ್ಕೆ ಹಿಡಿದಳು. ಆಗ ಎಲ್ಲರಿಗೂ ಕಂಡಿತು. ಬೋನಿನ ಇಲಿಯ ಕಿವಿಯೂ ಪಾದವೂ ಪೊದೆಯದಕ್ಕಿಂತ ಒಂದು ಸುತ್ತು ದೊಡ್ಡವು. ಒಂದರ ಪಟ್ಟಿ ಬಳಿದದ್ದು, ಇನ್ನೊಂದರ ಪಟ್ಟಿ ಹುಟ್ಟಿ ಬಂದದ್ದು. ಅಷ್ಟರಲ್ಲಿ ಮೆಷಿನಪ್ಪನ ಇಲಿ ಆಕೆಯ ಹೆಬ್ಬೆರಳನ್ನು ಕಚ್ಚಿ ಹಿಡಿದು ಕಿರುಚಿತು. ಇಲಿ ಮೇಡಂ ನೋವಿನಲ್ಲೂ ನಕ್ಕಳು. ಈ ಜಾತಿ ಹಾಗೆಯೇ, ಹಿಡಿದರೆ ಸುಮ್ಮನೆ ಬಿಡುವುದಿಲ್ಲ, ಇನ್ನು ಅನುಮಾನವೇ ಇಲ್ಲ ಎಂದಳು.

"ಇದು ಚೇಷ್ಟೆ ಜಾತಿ," ಎಂದು ಕ್ಷೌರದಂಗಡಿಯವನು ಪಕ್ಕದ ಅರ್ಧ ಮೀಸೆಯವನಿಗೆ ತಿಳಿಸಿದ.

ಸಾಹೇಬರು ಪೊದೆಯ ಹತ್ತಿರ ಅರ್ಧಕ್ಕೆ ನಿಂತಿದ್ದ ವಾಕ್ಯವನ್ನು ಮತ್ತೆ ಎತ್ತಿಕೊಂಡು, ಈ ಸಲ ಪೂರ್ತಿ ಮಾಡಿದರು. ಅಪರೂಪದ ಇಲಿಗಳು ಸದರಿ ಪೊದೆಯವೇ ಎಂದು ಎದುರು ಲಾಂಡ್ರಿಯ ಮಾಲೀಕರು ಸ್ವ-ಇಚ್ಛೆಯಿಂದ ಆಣೆ ಮಾಡಿ ತಿಳಿಸಿರುವುದರಿಂದ, ಸದರಿ ಜಾಗ ಇದ್ದ ಹಾಗೆಯೇ ಇರತಕ್ಕದ್ದು, ಪೊದೆಗೆ ಹಾನಿಯಾಗದಂತೆ ಹಗ್ಗಗಳೂ ಇರತಕ್ಕದ್ದು.

ಮೆಷಿನಪ್ಪನಿಗೆ ತಾನು ಏನು ಹೇಳಿದೆ ಎಂದು ತಿಳಿಯಲು ಯಂತ್ರವೊಂದು ತಿರುಗಿ ನಿಲ್ಲುವಷ್ಟು ಹೊತ್ತು ಹಿಡಿಯಿತು. ತಿಳಿದ ಮೇಲೆ, ಹಾಗಾದರೆ ಈ ಇಲಿಗಳು ತನ್ನ ಹಿತ್ತಲಿನವೇ ಇರಬಹುದು, ಗೋದಾಮಿನಲ್ಲಿ ಹುಟ್ಟಿರಬಹುದು, ಈಗ ನೋಡಿದರೆ ಮುಖದಲ್ಲಿ ಯಂತ್ರದ ಕಳೆಯೂ ಕಾಣುತ್ತಿದೆ ಎಂದು ಶುರುಮಾಡಿದ. ಹಾಗಿದ್ದರೆ ಪರವಾನಗಿಯ ವಿಷಯ ನೋಡಬೇಕಾಗುತ್ತದೆಂದು ಸಾಹೇಬರು ಹೇಳಿದ ಮೇಲೆ ಬಾಯಿ ಮುಚ್ಚಿದ.

ಗೊತ್ತಪ್ಪ ಹೆಂಡತಿಯ ಕಡೆ ತಿರುಗಿ, ಎಲ್ಲ ಹೀಗೇ ಆಗುತ್ತದೆಂದು ತನಗೆ ಅನ್ನಿಸಿತ್ತೆಂದು ಹೇಳಲು ಹೊರಟ. ಅವಳ ಕಾಲು ಇನ್ನೂ ಅಲ್ಲೇ ಇತ್ತು.

ಇನ್ನು ಉಳಿದದ್ದು ಮೆಷಿನಪ್ಪನ ಹಿತ್ತಲಲ್ಲಿದ್ದ ಪಟ್ಟಿ ಇಲಿಗಳ ಪ್ರಶ್ನೆ. ಅವು ರಕ್ಷಿತ ಪ್ರಾಣಿಗಳು. ಒಂದರ ಕೂದಲೂ ಕೊಂಕದಂತೆ ಹಿಡಿದು, ಸ್ವಂತ ಪೊದೆಗೆ ತಲುಪಿಸುವುದು ಈಗ ಅವುಗಳನ್ನು ಇಟ್ಟುಕೊಂಡವನ ಹೊಣೆಯೆಂದು ಸಾಹೇಬರು ಅಪ್ಪಣೆ ಮಾಡಿದರು. ಮೇಡಂ ತನ್ನ ಡಬ್ಬಗಳನ್ನು ಅವನಿಗೆ ಕೊಟ್ಟು, ಹುಲ್ಲು ಎಷ್ಟು ಹಾಕಬೇಕು, ಕಾಳು ಎಷ್ಟು ಹಾಕಬೇಕು ಎಂದು ಕೂರಿಸಿ ಹೇಳಿದಳು. ಅವನು ಪ್ರತಿಯೊಂದು ಮಾತನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡ.

ಮರುದಿನದಿಂದ ಬೆಳಿಗ್ಗೆ ಮೆಷಿನಪ್ಪನ ದೊಡ್ಡ ವ್ಯಾನು, ಸ್ವಚ್ಛತೆಯೇ ಸರ್ವಸ್ವ ಎಂದು ಎರಡೂ ಕಡೆ ಬರೆಸಿಕೊಂಡು, ರಸ್ತೆಯ ಈಚೆ ಬದಿಗೆ ಬಂದು ನಿಲ್ಲತೊಡಗಿತು. ಅವನೇ ಇಳಿದು, ಇಲಿಯ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೌಂಟರಿನ ಮೇಲಿಡುತ್ತಿದ್ದ. ಅತ್ತೆ ಕನ್ನಡಕ ಹಾಕಿಕೊಂಡು, ಗೊತ್ತಪ್ಪನ ಕೈಯಿಂದ ಇಲಿಯನ್ನು ಹೊರಗೆ ತೆಗೆಸಿ, ಬೆಳಕಿಗೆ ಹಿಡಿಸಿ, ಕೊರಳು ನೋಡಿ, ಕಿವಿ ನೋಡಿ, ಬೆನ್ನು ತಿರುಗಿಸಿ ನೋಡಿ ಒಪ್ಪಿಸಿಕೊಳ್ಳುತ್ತಿದ್ದರು. ಕೊನೆಯದನ್ನು ತಂದ ದಿನ ಬಹಳ ಹೊತ್ತು ನೋಡಿದರು. ಆಮೇಲೆ ತಲೆಯಲ್ಲಾಡಿಸಿ, ಅದನ್ನು ಡಬ್ಬದೊಳಗೆ ಇಡಿಸಿ, ಡಬ್ಬವನ್ನು ಅವನ ಕಡೆಗೇ ದೂಡಿದರು.

"ಬಾಲ ಸುಕ್ಕಾಗಿದೆ. ತಗೊಂಡು ಹೋಗಿ ಸರಿ ಮಾಡಿಕೊಂಡು ಬಾ."

ಮೆಷಿನಪ್ಪ ಒಂದು ಗಳಿಗೆ ಡಬ್ಬವನ್ನು ನೋಡಿದ. ಕೌಂಟರಿನ ಈಚೆ ನಿಂತು ಅತ್ತೆಯ ದನಿ ಕೇಳಿ ಕೆಲಸ ಕಲಿತ ಆ ಹಳೆಯ ದಿನಗಳು ಮೈಯಲ್ಲಿ ಎಲ್ಲೋ ಉಳಿದಿರಬೇಕು. ಡಬ್ಬವನ್ನು ಎತ್ತಿಕೊಂಡು, ತಲೆ ತಗ್ಗಿಸಿ ಹೇಳಿದ:

"ನಾಳೆ ಸಂಜೆಯೊಳಗೆ ಕೊಡ್ತೀನಿ ಅಕ್ಕಾ."